ಬಂಡವಾಳ ಸಂಗ್ರಹಣಾ ವೆಚ್ಚದಿಂದ ರೈತ ಉತ್ಪಾದಕ ಕಂಪನಿಯ ಬಂಡವಾಳ ರಚನೆಯನ್ನು ಲೆಕ್ಕ ಹಾಕುವ ವಿಧಾನ



ಪೀಠಿಕೆ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ ಭಾಗವು ಎರೆಭೂಮಿಯ ಪ್ರದೇಶ. ತೊಗರಿ, ಹಿಂಗಾರಿ ಬಿಳಿಜೋಳ, ಕಡಲೆ ಇಲ್ಲಿನ ಒಣಬೇಸಾಯದ ಮುಖ್ಯ ಬೆಳೆಗಳು. ಕಾಳನ್ನು ಕಣದಿಂದ ನೇರವಾಗಿ ಪೇಟೆಗೆ ಒಯ್ಯುವ ಬದಲು ಸ್ವಚ್ಛಗೊಳಿಸಿ, ದರ್ಜೆ ಮಾಡಿ, ಬೇಳೆ ಒಡೆದು ಮಾರಿದರೆ ಹೆಚ್ಚಿನ ಬೆಲೆ ದೊರೆಯುತ್ತದೆಂಬುದನ್ನು ರೈತರು ಬಲ್ಲರು. ಇದಕ್ಕೆ ಗೋದಾಮು, ಯಂತ್ರ, ವಿದ್ಯುತ್ ಸಂಪರ್ಕ ಬೇಕು. ಒಬ್ಬ ರೈತನಿಂದ ಆಗದ ಈ ಹೂಡಿಕೆಯನ್ನು ರೈತ ಉತ್ಪಾದಕ ಕಂಪನಿಯ ಮೂಲಕ ಮಾಡಬಹುದು.

ಘಟಕ ಆರಂಭವಾದ ನಂತರ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಕೇಳುವ ಮೊದಲ ಪ್ರಶ್ನೆ ಸರಳವಾದದ್ದು: ‘ಇದರಲ್ಲಿ ನಮ್ಮ ಹಣ ಎಷ್ಟು, ಸಾಲ ಎಷ್ಟು?’ ಸ್ವಂತ ಹಣ ಮತ್ತು ಸಾಲದ ಈ ಪ್ರಮಾಣವನ್ನೇ ಬಂಡವಾಳ ರಚನೆ ಎನ್ನುತ್ತಾರೆ. ಬೆಳೆ ಕೈಕೊಟ್ಟ ವರ್ಷದಲ್ಲಿ ಕಂಪನಿ ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತದೆ.

ಹಣ ಕೂಡಿಸಲು ಆದ ವೆಚ್ಚ ತಿಳಿದಿದ್ದರೆ, ಆ ವೆಚ್ಚದಿಂದಲೇ ಬಂಡವಾಳ ರಚನೆಯನ್ನು ಲೆಕ್ಕ ಹಾಕಬಹುದು. ಆ ವಿಧಾನ, ಅದರ ಉಪಯೋಗ ಹಾಗೂ ಅದರ ಮಿತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಉದಾಹರಣೆಗಳಲ್ಲಿರುವ ಮೊತ್ತ ಹಾಗೂ ದರಗಳು ಲೆಕ್ಕ ತಿಳಿಸಲು ಆರಿಸಿಕೊಂಡವು. ನಿಮ್ಮ ಕಂಪನಿಯ ಅಂಕಿಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟು ನೋಡಬೇಕು.

1. ಉತ್ಪಾದಕ ಕಂಪನಿಯ ಬಂಡವಾಳ: ಕಾನೂನಿನ ಚೌಕಟ್ಟು

ವೈ. ಕೆ. ಅಲಘ್ ಸಮಿತಿಯ ಶಿಫಾರಸಿನಂತೆ ಕಂಪನಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ ಉತ್ಪಾದಕ ಕಂಪನಿ ಎಂಬ ವರ್ಗ ಹುಟ್ಟಿತು. 2020ರ ತಿದ್ದುಪಡಿಯ ಮೂಲಕ ಈ ಉಪಬಂಧಗಳನ್ನು 2013ರ ಕಂಪನಿ ಕಾಯ್ದೆಯಲ್ಲಿ 378ಎ ಇಂದ ಆರಂಭವಾಗುವ ಕಲಂಗಳಾಗಿ ಸೇರಿಸಲಾಗಿದೆ. ಬಂಡವಾಳಕ್ಕೆ ಸಂಬಂಧಿಸಿದ ಮುಖ್ಯಾಂಶಗಳು ಹೀಗಿವೆ:

- ಕನಿಷ್ಠ 10 ಮಂದಿ ಉತ್ಪಾದಕರು ಸೇರಿ ಕಂಪನಿ ರಚಿಸಬಹುದು. ಸದಸ್ಯರ ಸಂಖ್ಯೆಗೆ ಗರಿಷ್ಠ ಮಿತಿ ಇಲ್ಲ.
- ಷೇರು ಬಂಡವಾಳ ಈಕ್ವಿಟಿ ಷೇರುಗಳಲ್ಲಿ ಮಾತ್ರ ಇರತಕ್ಕದ್ದು. ಸದಸ್ಯರ ಷೇರುಗಳು ಸಾಧ್ಯವಾದಷ್ಟು ಅವರು ಕಂಪನಿಯೊಡನೆ ನಡೆಸುವ ವ್ಯವಹಾರದ ಪ್ರಮಾಣಕ್ಕೆ ಅನುಗುಣವಾಗಿರಬೇಕು.
- ವ್ಯಕ್ತಿ ಸದಸ್ಯರಿಗೆ ಷೇರು ಎಷ್ಟಿದ್ದರೂ ಮತ ಒಂದೇ.
- ನಿರ್ದೇಶಕ ಮಂಡಳಿಯ ಪೂರ್ವಾನುಮತಿ ಪಡೆದು, ಮುಖಬೆಲೆಗೆ, ಸಕ್ರಿಯ ಸದಸ್ಯರಿಗೆ ಮಾತ್ರ ಷೇರು ವರ್ಗಾಯಿಸಬಹುದು.
- ಉತ್ಪಾದಕ ಕಂಪನಿಯು ಯಾವ ಸಂದರ್ಭದಲ್ಲಿಯೂ ಸಾರ್ವಜನಿಕ ಕಂಪನಿ ಆಗಲಾರದು.

ಇದರ ಪರಿಣಾಮವೇನೆಂದರೆ, ಉತ್ಪಾದಕ ಕಂಪನಿಯು ಷೇರುಪೇಟೆಗೆ ಹೋಗಿ ಹಣ ಎತ್ತುವಂತಿಲ್ಲ. ಹೊಸ ಹಣ ಬರುವುದು ಸದಸ್ಯರ ಷೇರು, ಸರ್ಕಾರದ ಅನುದಾನ ಮತ್ತು ಸಾಲ ಎಂಬ ಮೂರು ದಾರಿಗಳಿಂದ. ಹೊರಗಿನ ಹೂಡಿಕೆದಾರರ ಹಣ ಬೇಕಾದರೆ ಬೇರೆ ಕಂಪನಿಯನ್ನೇ ಕಟ್ಟಬೇಕಾಗುತ್ತದೆ. ನೆರೆಯ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಸಹ್ಯಾದ್ರಿ ರೈತ ಉತ್ಪಾದಕ ಕಂಪನಿಯ ಸಮೂಹಕ್ಕೆ 2022ರಲ್ಲಿ ಯುರೋಪಿನ ಹೂಡಿಕೆದಾರರಿಂದ 310 ಕೋಟಿ ರೂ. ಬಂದಾಗ ಆ ಹಣ ಬಂದದ್ದು ರೈತರ ಮೂಲ ಕಂಪನಿಗಲ್ಲ. ಕೊಯ್ಲೋತ್ತರ ಕಾರ್ಯಕ್ಕೆಂದು ಇದ್ದ ಅಂಗ ಕಂಪನಿಗೆ. ಆರಂಭದ ಹಂತದ ಸಣ್ಣ ಕಂಪನಿಗಳಿಗೆ ಆ ದಾರಿ ದೂರದ್ದು.

2. ಸಂಗ್ರಹಣಾ ವೆಚ್ಚ ಎಂದರೇನು?

ತೊಗರಿಯನ್ನು ಪೇಟೆಗೆ ಒಯ್ದಾಗ ಪಟ್ಟಿಯಲ್ಲಿ ಬರೆದ ಒಟ್ಟು ಮೊತ್ತ ಬೇರೆ, ಹಮಾಲಿ, ತೂಕದ ಖರ್ಚು ಕಳೆದು ಕೈಗೆ ಬರುವ ಮೊತ್ತ ಬೇರೆ. ಬಂಡವಾಳ ಕೂಡಿಸುವುದರಲ್ಲಿಯೂ ಹೀಗೆಯೇ. ಒಟ್ಟು ಸಂಗ್ರಹವಾದ ಹಣದಲ್ಲಿ ಒಂದು ಭಾಗ, ಹಣ ಕೂಡಿಸುವ ಕೆಲಸಕ್ಕೇ ಖರ್ಚಾಗುತ್ತದೆ. ಅದನ್ನೇ ಸಂಗ್ರಹಣಾ ವೆಚ್ಚ ಎನ್ನುತ್ತೇವೆ. ಉಳಿದದ್ದು ನಿವ್ವಳ ಹಣ. ಯಂತ್ರ, ಕಟ್ಟಡಗಳಿಗೆ ಒದಗುವುದು ಅದು ಮಾತ್ರ.

ಷೇರು ಸಂಗ್ರಹಣೆಯ ವೆಚ್ಚದಲ್ಲಿ ಸೇರುವವು:

- ಅರ್ಜಿ ನಮೂನೆ, ಗುರುತಿನ ದಾಖಲೆಗಳ ನಕಲು, ಷೇರುಪತ್ರದ ಮುದ್ರಣ
- ಷೇರು ಸಂಗ್ರಹಕ್ಕಾಗಿಯೇ ಹಳ್ಳಿಗಳಲ್ಲಿ ನಡೆಸಿದ ಸಭೆ, ಓಡಾಟ
- ಅಧಿಕೃತ ಬಂಡವಾಳ ಹೆಚ್ಚಿಸಲು ಎಸ್‌ಎಚ್-7, ಷೇರು ಹಂಚಿಕೆ ತಿಳಿಸಲು ಪಿಎಎಸ್-3 ನಮೂನೆಗಳ ಶುಲ್ಕ ಮತ್ತು ವೃತ್ತಿಪರರ ಸಂಭಾವನೆ
- ಷೇರುಪತ್ರದ ಮೇಲಿನ ಮುದ್ರಾಂಕ ಶುಲ್ಕ

ಸಾಲ ಸಂಗ್ರಹಣೆಯ ವೆಚ್ಚದಲ್ಲಿ ಸೇರುವವು:

- ಯೋಜನಾ ವರದಿ ತಯಾರಿಕೆ
- ಬ್ಯಾಂಕಿನ ಸಂಸ್ಕರಣಾ ಶುಲ್ಕ
- ಆಸ್ತಿ ಮೌಲ್ಯಮಾಪನ, ವಕೀಲರ ಅಭಿಪ್ರಾಯ, ಅಡಮಾನ ಪತ್ರದ ಮುದ್ರಾಂಕ ಮತ್ತು ನೋಂದಣಿ
- ಋಣಭಾರವನ್ನು 30 ದಿನಗಳೊಳಗೆ ಸಿಎಚ್‌ಜಿ-1 ನಮೂನೆಯಲ್ಲಿ ದಾಖಲಿಸುವ ಖರ್ಚು

ಬಡ್ಡಿ, ವಿಮೆ, ಸಿಬ್ಬಂದಿ ವೇತನ, ಕಚೇರಿ ಬಾಡಿಗೆ ಇವು ಸಂಗ್ರಹಣಾ ವೆಚ್ಚವಲ್ಲ. ಇವನ್ನು ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಸರ್ಕಾರಿ ಶುಲ್ಕಗಳ ಪಾಲು ಸಾಮಾನ್ಯವಾಗಿ ಚಿಕ್ಕದು. 15 ಲಕ್ಷ ರೂ.ವರೆಗಿನ ಅಧಿಕೃತ ಬಂಡವಾಳದ ಹೊಸ ಕಂಪನಿಗೆ 2019ರಿಂದ ಕೇಂದ್ರದ ನೋಂದಣಿ ಶುಲ್ಕವಿಲ್ಲ; ರಾಜ್ಯದ ಮುದ್ರಾಂಕ ಶುಲ್ಕ ಮಾತ್ರ ಪ್ರತ್ಯೇಕ. 2020ರ ಜುಲೈ 1ರಿಂದ ಷೇರು ನೀಡಿಕೆಯ ಮುದ್ರಾಂಕ ಶುಲ್ಕ ಶೇ. 0.005, ಅಂದರೆ 15 ಲಕ್ಷ ರೂ. ಷೇರಿಗೆ ಕೇವಲ 75 ರೂ. ನಿಜವಾದ ಖರ್ಚು ಬೀಳುವುದು ಊರೂರು ತಿರುಗಿ ಸಾವಿರಾರು ಜನರಿಂದ ಚಿಕ್ಕ ಚಿಕ್ಕ ಮೊತ್ತ ಕೂಡಿಸುವುದರಲ್ಲಿ.

ಒಬ್ಬ ಸದಸ್ಯನನ್ನು ಸೇರಿಸಿಕೊಳ್ಳಲು 60 ರೂ. ಖರ್ಚಾಗುತ್ತದೆ ಎಂದುಕೊಳ್ಳೋಣ. ಅವನು 1,000 ರೂ. ಷೇರು ಕೊಂಡರೆ ವೆಚ್ಚ ಶೇ. 6; 2,000 ರೂ. ಕೊಂಡರೆ ಶೇ. 3, 5,000 ರೂ. ಕೊಂಡರೆ ಶೇ. 1.2. ವೆಚ್ಚ ತಲೆಗೆ ಬೀಳುತ್ತದೆಯೇ ಹೊರತು ರೂಪಾಯಿಗಲ್ಲ. ಬ್ಯಾಂಕ್ ಸಾಲ ಒಂದೇ ಕಡತದಲ್ಲಿ ಬರುವುದರಿಂದ ಅದರ ಸಂಗ್ರಹಣಾ ವೆಚ್ಚದ ದರ ಸಾಮಾನ್ಯವಾಗಿ ಕಡಿಮೆ. ಈ ಸ್ವಭಾವ ದೊಡ್ಡ ಕಂಪನಿಗಳಲ್ಲಿಯೂ ಉಂಟು. ಅಮೆರಿಕದಲ್ಲಿ 1990ರಿಂದ 1994ರವರೆಗಿನ ಬಿಡುಗಡೆಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ಬಾರಿಯ ಷೇರು ಬಿಡುಗಡೆಯ ನೇರ ವೆಚ್ಚ ಸರಾಸರಿ ಶೇ. 11, ಸಾಮಾನ್ಯ ಸಾಲಪತ್ರಗಳದ್ದು ಶೇ. 2.2 ಎಂದು ಕಂಡುಬಂದಿತ್ತು.

ಷೇರಿನ ದರ ಮತ್ತು ಸಾಲದ ದರ ಹೀಗೆ ಬೇರೆಬೇರೆ ಆಗಿರುವುದರಿಂದಲೇ ಒಟ್ಟು ವೆಚ್ಚದಿಂದ ಬಂಡವಾಳ ರಚನೆಯನ್ನು ಕಂಡುಹಿಡಿಯಲು ಸಾಧ್ಯವಾಗುತ್ತದೆ.

3. ಲೆಕ್ಕದ ತತ್ವ

ಪೇಟೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ದೊಡ್ಡ ಚೀಲಕ್ಕೆ 20 ರೂ., ಸಣ್ಣ ಚೀಲಕ್ಕೆ 10 ರೂ. ಹಮಾಲಿ, 100 ಚೀಲಕ್ಕೆ ಒಟ್ಟು 1,300 ರೂ. ಆಗಿದೆ. ದೊಡ್ಡ ಚೀಲ ಎಷ್ಟು? ಎಲ್ಲವೂ ಸಣ್ಣ ಚೀಲವಾಗಿದ್ದರೆ 1,000 ರೂ. ಆಗಬೇಕಿತ್ತು. ಹೆಚ್ಚಾದದ್ದು 300 ರೂ. ಪ್ರತಿ ದೊಡ್ಡ ಚೀಲಕ್ಕೆ 10 ರೂ. ಹೆಚ್ಚು. ಆದ್ದರಿಂದ ದೊಡ್ಡ ಚೀಲ 30, ಸಣ್ಣ ಚೀಲ 70.

ಬಂಡವಾಳದ ಲೆಕ್ಕವೂ ಇದೇ. ದೊಡ್ಡ ಚೀಲದ ಸ್ಥಾನದಲ್ಲಿ ಷೇರು, ಸಣ್ಣ ಚೀಲದ ಸ್ಥಾನದಲ್ಲಿ ಸಾಲ.

ಸೂತ್ರಗಳು:

ಒಟ್ಟು ಸಂಗ್ರಹ = ಯೋಜನೆಗೆ ಒದಗಿದ ನಿವ್ವಳ ಹಣ + ಸಂಗ್ರಹಣಾ ವೆಚ್ಚ

ಸರಾಸರಿ ದರ = ಸಂಗ್ರಹಣಾ ವೆಚ್ಚ ÷ ಒಟ್ಟು ಸಂಗ್ರಹ

ಷೇರಿನ ಪಾಲು = (ಸರಾಸರಿ ದರ − ಸಾಲದ ದರ) ÷ (ಷೇರಿನ ದರ − ಸಾಲದ ದರ)

ಸಾಲದ ಪಾಲು = 1 − ಷೇರಿನ ಪಾಲು

4. ಉದಾಹರಣೆ: ಗೋದಾಮು ಮತ್ತು ಬೇಳೆ ಘಟಕ

ನಾಲತವಾಡ ಹೋಬಳಿಯ ಕಂಪನಿಯೊಂದು ಗೋದಾಮು ಮತ್ತು ಬೇಳೆ ಘಟಕಕ್ಕೆ 48,40,000 ರೂ. ವಿನಿಯೋಗಿಸಿದೆ ಎಂದು ಭಾವಿಸೋಣ. ಸಂಗ್ರಹಣಾ ವೆಚ್ಚ 1,60,000 ರೂ. ಷೇರಿನ ದರ ಶೇ. 6, ಸಾಲದ ದರ ಶೇ. 2.

1. ಒಟ್ಟು ಸಂಗ್ರಹ: 48,40,000 + 1,60,000 = 50,00,000 ರೂ.
2. ಸರಾಸರಿ ದರ: 1,60,000 ÷ 50,00,000 = ಶೇ. 3.2
3. ಷೇರಿನ ಪಾಲು: (3.2 − 2) ÷ (6 − 2) = 1.2 ÷ 4 = 0.30
4. ಷೇರು ಬಂಡವಾಳ: 50,00,000 × 0.30 = 15,00,000 ರೂ.
5. ಸಾಲ: 35,00,000 ರೂ.

ತಾಳೆ: 15 ಲಕ್ಷದ ಶೇ. 6 ಎಂದರೆ 90,000 ರೂ.; 35 ಲಕ್ಷದ ಶೇ. 2 ಎಂದರೆ 70,000 ರೂ.; ಒಟ್ಟು 1,60,000 ರೂ. ಲೆಕ್ಕ ಸರಿಹೊಂದಿತು. ಸ್ವಂತ ಹಣದ ಒಂದು ರೂಪಾಯಿಗೆ ಸಾಲ 2.33 ರೂ. ಇದೆ.

ಸಾಮಾನ್ಯವಾಗಿ ಆಗುವ ತಪ್ಪು: ವೆಚ್ಚವನ್ನು ಒಟ್ಟು ಸಂಗ್ರಹದಿಂದ ಭಾಗಿಸುವ ಬದಲು ಯೋಜನೆಯ ಮೊತ್ತದಿಂದ ಭಾಗಿಸುವುದು. ಹಾಗೆ ಮಾಡಿದರೆ ಸರಾಸರಿ ದರ ಶೇ. 3.31 ಎಂದೂ ಷೇರಿನ ಪಾಲು ಶೇ. 32.6 ಎಂದೂ ಬರುತ್ತದೆ. ಷೇರು ಬಂಡವಾಳ 1.32 ಲಕ್ಷ ರೂ. ಹೆಚ್ಚಾಗಿ ಕಾಣುತ್ತದೆ, ವಾಸ್ತವವಾಗಿ ಆ ಹಣ ಇರುವುದಿಲ್ಲ.

ಯೋಜನೆ ರೂಪಿಸುವಾಗಲೂ ಇದೇ ಎಚ್ಚರ ಬೇಕು. 10 ಲಕ್ಷ ರೂ. ಬೇಕಾಗಿದ್ದು ಸಂಗ್ರಹಣಾ ವೆಚ್ಚ ಶೇ. 10 ಇದ್ದರೆ 11 ಲಕ್ಷ ರೂ. ಕೂಡಿಸಿದರೆ ಸಾಲದು, ಅದರ ಶೇ. 10 ಕಳೆದು ಉಳಿಯುವುದು 9.9 ಲಕ್ಷ ಮಾತ್ರ. 10 ಲಕ್ಷವನ್ನು 0.90ರಿಂದ ಭಾಗಿಸಬೇಕು, ಅಂದರೆ ಸುಮಾರು 11,11,111 ರೂ. ಕೂಡಿಸಬೇಕು.

5. ಅನುದಾನ ಇರುವಾಗ

2020ರ ಫೆಬ್ರವರಿ 29ರಂದು ಆರಂಭವಾದ 10,000 ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲಿ ಸದಸ್ಯರ ಷೇರು ಹಣಕ್ಕೆ ಸಮನಾಗಿ, ಪ್ರತಿ ಸದಸ್ಯ ರೈತನಿಗೆ ಗರಿಷ್ಠ 2,000 ರೂ.ನಂತೆ, ಒಂದು ಸಂಸ್ಥೆಗೆ ಗರಿಷ್ಠ 15 ಲಕ್ಷ ರೂ. ಷೇರು ಅನುದಾನಕ್ಕೆ ಅವಕಾಶ ಕಲ್ಪಿಸಲಾಗಿದೆ. ಇದು ಸರ್ಕಾರ ಕೊಳ್ಳುವ ಷೇರಲ್ಲ. ರೈತ ಸದಸ್ಯರ ಬಂಡವಾಳವನ್ನು ಬಲಪಡಿಸುವ ನೆರವು. ಇದೇ ಯೋಜನೆಯಲ್ಲಿ ಮೂರು ವರ್ಷಗಳ ನಿರ್ವಹಣೆಗೆ ಗರಿಷ್ಠ 18 ಲಕ್ಷ ರೂ. ನೆರವಿದೆ. ಯಾವುದೇ ಖರ್ಚನ್ನು ಈ ನಿರ್ವಹಣಾ ನೆರವಿನಿಂದ ಭರಿಸಿದ್ದರೆ ಅದನ್ನು ಬಂಡವಾಳದಿಂದ ಮತ್ತೆ ಕಳೆಯಬಾರದು.

ಅನುದಾನ ಸೇರಿದಾಗ ಮೂಲಗಳು ಮೂರಾಗುತ್ತವೆ. ಒಂದೇ ಸಮೀಕರಣದಿಂದ ಮೂರು ಪಾಲುಗಳು ಸಿಗವು. ಆದ್ದರಿಂದ ಮಂಜೂರಾತಿ ಪತ್ರದಿಂದ ಅನುದಾನದ ಮೊತ್ತವನ್ನು ತಿಳಿದು ಮೊದಲು ಅದನ್ನು ಬದಿಗಿಡಬೇಕು.

ಉದಾಹರಣೆ: ಒಟ್ಟು ಸಂಗ್ರಹ 50 ಲಕ್ಷ ರೂ.; ಅದರಲ್ಲಿ ಅನುದಾನ 10 ಲಕ್ಷ, ಅದಕ್ಕೆ ಪ್ರತ್ಯೇಕ ವೆಚ್ಚವಿಲ್ಲ. ಸಂಗ್ರಹಣಾ ವೆಚ್ಚ 1,20,000 ರೂ. ದರಗಳು ಮೊದಲಿನಂತೆಯೇ.

- ಅನುದಾನ ಬಿಟ್ಟು ಉಳಿದದ್ದು: 40,00,000 ರೂ.
- ಸರಾಸರಿ ದರ: 1,20,000 ÷ 40,00,000 = ಶೇ. 3
- ಷೇರಿನ ಪಾಲು: (3 − 2) ÷ 4 = 0.25
- ಷೇರು 10 ಲಕ್ಷ, ಸಾಲ 30 ಲಕ್ಷ, ಅನುದಾನ 10 ಲಕ್ಷ ರೂ.

ಅನುದಾನವನ್ನು ಬದಿಗಿಡದೆ 50 ಲಕ್ಷದಿಂದಲೇ ಭಾಗಿಸಿದ್ದರೆ ಸರಾಸರಿ ದರ ಶೇ. 2.4, ಷೇರು ಕೇವಲ 5 ಲಕ್ಷ, ಸಾಲ 45 ಲಕ್ಷ ಎಂದು ಬರುತ್ತಿತ್ತು. ಚಿತ್ರವೇ ಬದಲಾಗುತ್ತಿತ್ತು.

6. ಲೆಕ್ಕ ತಾಳೆಯಾಗದಿದ್ದರೆ ಏನು ಅರ್ಥ?

ಲೆಕ್ಕಪರಿಶೋಧನೆಯಾದ ಅಢಾವೆ ಪತ್ರಿಕೆ ಕೈಯಲ್ಲಿದ್ದರೆ ಷೇರು ಎಷ್ಟು, ಸಾಲ ಎಷ್ಟು ಎಂಬುದಕ್ಕೆ ಅದೇ ಮೊದಲ ಆಧಾರ. ಮೇಲಿನ ಲೆಕ್ಕ ಅದಕ್ಕೆ ಬದಲಿಯಲ್ಲ. ಅದನ್ನು ಪರೀಕ್ಷಿಸುವ ಸಾಧನ. ಎರಡಕ್ಕೂ ವ್ಯತ್ಯಾಸ ಬಂದರೆ ಕೆಳಗಿನ ಕಾರಣಗಳನ್ನು ಪರಿಶೀಲಿಸಿರಿ.

(ಅ) ಸರಾಸರಿ ದರ ಎರಡು ದರಗಳ ಹೊರಗಿದೆ. ಸಾಲ ಶೇ. 2, ಷೇರು ಶೇ. 6 ಇದ್ದರೆ ಸರಾಸರಿ ಅವೆರಡರ ನಡುವೆಯೇ ಇರಬೇಕು. ಶೇ. 8 ಬಂದರೆ ವೇತನ, ವಿಮೆ, ಪ್ರವಾಸದಂತಹ ಬೇರೆ ಖರ್ಚು ಸೇರಿಕೊಂಡಿರಬಹುದು. ಶೇ. 1.5 ಬಂದರೆ ಕೆಲವು ಖರ್ಚು ದಾಖಲಾಗಿಲ್ಲ, ಅಥವಾ ಅನುದಾನವನ್ನು ಬದಿಗಿಟ್ಟಿಲ್ಲ.

(ಆ) ವೆಚ್ಚದ ಪ್ರಕಾರ ಷೇರು 15 ಲಕ್ಷ. ಅಢಾವೆ ಪತ್ರಿಕೆಯಲ್ಲಿ ಪಾವತಿಯಾದ ಷೇರು ಬಂಡವಾಳ 12 ಲಕ್ಷ. ಇದು ಅತ್ಯಂತ ಗಮನಾರ್ಹವಾದದ್ದು. ಉಳಿದ 3 ಲಕ್ಷ ರೂ. ‘ಹಂಚಿಕೆಯಾಗದ ಷೇರು ಅರ್ಜಿ ಹಣ’ ಎಂಬ ತಲೆಬರಹದಲ್ಲಿ ಇದೆಯೇ ನೋಡಿರಿ. ತಲಾ 1,000 ರೂ.ನಂತೆ 300 ರೈತರು ಹಣ ಕೊಟ್ಟಿದ್ದಾರೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಷೇರುದಾರರಾಗಿಲ್ಲ. ಅವರಿಗೆ ಷೇರಿನ ಮೇಲಿನ ಲಾಭಾಂಶವಿಲ್ಲ; ಷೇರುದಾರರೆಂಬ ನೆಲೆಯಲ್ಲಿ ಮತ ಕೇಳಲು ಆಧಾರವೂ ಇಲ್ಲ. ಅವರಲ್ಲಿ ಒಬ್ಬರು ತೀರಿಕೊಂಡರೆ ಮನೆಯವರ ಕೈಯಲ್ಲಿ ಉಳಿಯುವುದು ಒಂದು ರಸೀದಿ ಮಾತ್ರ, ಅದೂ ಇದ್ದರೆ.

ನಿಯಮದಂತೆ ಷೇರು ಅರ್ಜಿ ಹಣ ಬಂದ 60 ದಿನಗಳೊಳಗೆ ಷೇರು ಹಂಚಿಕೆ ಮಾಡಬೇಕು. ಆಗದಿದ್ದರೆ ಮುಂದಿನ 15 ದಿನಗಳೊಳಗೆ ಹಣ ಮರಳಿಸಬೇಕು. ಮರಳಿಸದಿದ್ದರೆ ಆ ಹಣವನ್ನು ಠೇವಣಿ ಎಂದು ಪರಿಗಣಿಸಲಾಗುತ್ತದೆ. ಹಂಚಿಕೆಯಾದ ಎರಡು ತಿಂಗಳೊಳಗೆ ಷೇರುಪತ್ರ ನೀಡಬೇಕು. ಸದಸ್ಯರಾದ ಮೂರು ತಿಂಗಳೊಳಗೆ ಪ್ರತಿಯೊಬ್ಬರೂ ನಾಮನಿರ್ದೇಶನ ಮಾಡತಕ್ಕದ್ದು.

(ಇ) ವೆಚ್ಚದ ಪ್ರಕಾರ ಸಾಲ ಹೆಚ್ಚು, ಅಢಾವೆ ಪತ್ರಿಕೆಯಲ್ಲಿ ಕಡಿಮೆ. ಮಂಜೂರಾದ ಪೂರ್ಣ ಮೊತ್ತಕ್ಕೆ ಸಂಸ್ಕರಣಾ ಶುಲ್ಕ ಕಟ್ಟಿ, ಹಣವನ್ನು ಕಂತುಗಳಲ್ಲಿ ಪಡೆಯುತ್ತಿದ್ದರೆ ಹೀಗಾಗುತ್ತದೆ. ಇದು ತಪ್ಪಲ್ಲ, ಆದರೆ ಸಭೆಗೆ ವಿವರಣೆ ನೀಡಬೇಕು.

(ಈ) ಸ್ಥಾಪಕರ ಖರ್ಚು ಸೇರಿದೆ. ನೋಂದಣಿ, ಕಾನೂನು ಸಲಹೆ, ನಿಯಮಾವಳಿ ಮುದ್ರಣದ ನೇರ ಖರ್ಚನ್ನು ಸ್ಥಾಪಕರಿಗೆ ಮರಳಿಸಲು ಕಲಂ 378ಸಿ ಅವಕಾಶ ನೀಡುತ್ತದೆ. ಆದರೆ ಮೊದಲ ಮಹಾಸಭೆಯ ಒಪ್ಪಿಗೆ ಬೇಕು. ಆ ಮಹಾಸಭೆಯನ್ನು ನೋಂದಣಿಯಾದ 90 ದಿನಗಳೊಳಗೆ ನಡೆಸಬೇಕು. ಠರಾವು ಪುಸ್ತಕದಲ್ಲಿ ಆ ಒಪ್ಪಿಗೆ ಇದೆಯೇ ಎಂಬುದನ್ನು ಯಾವ ಸದಸ್ಯರೂ ಕೇಳಬಹುದು.

7. ಕಡಿಮೆ ಸಂಗ್ರಹಣಾ ವೆಚ್ಚದ ಹಣವೇ ಅಗ್ಗದ ಹಣವೇ?

ಅಲ್ಲ. ಸಂಗ್ರಹಣಾ ವೆಚ್ಚ ಒಮ್ಮೆ ಮಾತ್ರ ಬೀಳುತ್ತದೆ. ಸಾಲದ ಬಡ್ಡಿ ಮತ್ತು ಕಂತು ಪ್ರತಿ ವರ್ಷ ಬೀಳುತ್ತವೆ; ಮಳೆ ಬಂದರೂ ಬಾರದಿದ್ದರೂ ನಿಲ್ಲುವುದಿಲ್ಲ. ಷೇರಿನ ಮೇಲಿನ ಲಾಭಾಂಶವನ್ನು ಲಾಭವಿದ್ದಾಗ ಮಾತ್ರ, ಅದೂ ನಿಯಮಾವಳಿಯ ಮಿತಿಯೊಳಗೆ, ನೀಡಿದರೆ ಸಾಕು.

ಒಟ್ಟು 50 ಲಕ್ಷ ರೂ.ಗೆ ಎರಡು ರಚನೆಗಳನ್ನು ಹೋಲಿಸೋಣ. ಸಾಲದ ಅವಧಿ 7 ವರ್ಷ, ಅಸಲಿನ ಕಂತು ಸಮಾನ, ಬಡ್ಡಿ ಶೇ. 10, ಒಂದು ಕ್ವಿಂಟಲ್ ತೊಗರಿ ಸಂಸ್ಕರಣೆಯಿಂದ ಎಲ್ಲ ಖರ್ಚು ಕಳೆದು 300 ರೂ. ಉಳಿಯುತ್ತದೆ ಎಂದು ಭಾವಿಸಲಾಗಿದೆ.

| ವಿವರ | ರಚನೆ 1 | ರಚನೆ 2 |
|---|---|---|
| ಷೇರು | 15 ಲಕ್ಷ ರೂ. | 25 ಲಕ್ಷ ರೂ. |
| ಸಾಲ | 35 ಲಕ್ಷ ರೂ. | 25 ಲಕ್ಷ ರೂ. |
| ಸಂಗ್ರಹಣಾ ವೆಚ್ಚ (ಒಮ್ಮೆ) | 1,60,000 ರೂ. | 2,00,000 ರೂ. |
| ಮೊದಲ ವರ್ಷದ ಅಸಲು | 5,00,000 ರೂ. | 3,57,143 ರೂ. |
| ಮೊದಲ ವರ್ಷದ ಬಡ್ಡಿ | 3,50,000 ರೂ. | 2,50,000 ರೂ. |
| ಒಟ್ಟು ಪಾವತಿ | 8,50,000 ರೂ. | 6,07,143 ರೂ. |
| ಇದಕ್ಕೆ ಬೇಕಾದ ತೊಗರಿ | ಸುಮಾರು 2,833 ಕ್ವಿಂಟಲ್ | ಸುಮಾರು 2,024 ಕ್ವಿಂಟಲ್ |

ಎರಡನೆಯ ರಚನೆಯಲ್ಲಿ ಸಂಗ್ರಹಣಾ ವೆಚ್ಚ 40,000 ರೂ. ಹೆಚ್ಚು, ಯಂತ್ರಕ್ಕೆ ಅಷ್ಟು ಹಣ ಕಡಿಮೆಯಾಗುತ್ತದೆ. ಆದರೆ ಮೊದಲ ವರ್ಷದ ಪಾವತಿಯ ಹೊರೆ 2,42,857 ರೂ. ಕಡಿಮೆ. ನೆಟೆ ರೋಗ ತಗುಲಿದ ವರ್ಷ ಅಥವಾ ಹೂವಾಡುವ ಹಂತದಲ್ಲಿ ತೇವಾಂಶ ಸಾಲದ ವರ್ಷ, ಘಟಕಕ್ಕೆ ಬರುವ ತೊಗರಿ 2,800 ಕ್ವಿಂಟಲ್‌ನಿಂದ 2,000ಕ್ಕೆ ಇಳಿಯುವುದು ಒಣಬೇಸಾಯದಲ್ಲಿ ಅಸಂಭವವೇನಲ್ಲ. ಮೊದಲ ರಚನೆಯ ಕಂಪನಿ ಆ ವರ್ಷ ಕಂತು ತಪ್ಪಿಸುತ್ತದೆ. ಎರಡನೆಯದು ಬಹುತೇಕ ತೂಗಿಸಿಕೊಂಡು ಹೋಗುತ್ತದೆ. ಅಡಮಾನದಲ್ಲಿರುವುದು ಸದಸ್ಯರ ಗೋದಾಮು ಎಂಬುದನ್ನು ಮರೆಯಬಾರದು.

ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂ.ವರೆಗಿನ ಸಾಲಕ್ಕೆ ಗರಿಷ್ಠ 7 ವರ್ಷ ಶೇ. 3 ಬಡ್ಡಿ ಸಹಾಯಧನವಿದೆ. ಇದು ದೊರೆತರೆ ಮೊದಲ ರಚನೆಯಲ್ಲಿ ಮೊದಲ ವರ್ಷ ಸುಮಾರು 1,05,000 ರೂ. ಉಳಿಯುತ್ತದೆ. ಆದರೆ ಅಸಲಿನ ಕಂತು ಹಾಗೆಯೇ ಉಳಿಯುತ್ತದೆ.

ಆದಾಯ ತೆರಿಗೆಯಲ್ಲಿಯೂ ಎರಡು ವೆಚ್ಚಗಳ ಸ್ಥಾನ ಬೇರೆ. ಸಾಲ ಪಡೆಯಲು ಆದ ಖರ್ಚು ರಾಜಸ್ವ ವೆಚ್ಚ ಎಂದು ಸರ್ವೋಚ್ಚ ನ್ಯಾಯಾಲಯವು 1966ರ ಇಂಡಿಯಾ ಸಿಮೆಂಟ್ಸ್ ಪ್ರಕರಣದಲ್ಲಿಯೂ, ಷೇರು ಬಂಡವಾಳ ಹೆಚ್ಚಿಸಲು ಆದ ಖರ್ಚು ಬಂಡವಾಳ ಸ್ವರೂಪದ್ದು ಎಂದು 1997ರ ಬ್ರೂಕ್ ಬಾಂಡ್ ಇಂಡಿಯಾ ಪ್ರಕರಣದಲ್ಲಿಯೂ ತೀರ್ಪು ನೀಡಿದೆ. ಆದ್ದರಿಂದ ಎರಡನ್ನೂ ಪ್ರತ್ಯೇಕ ಖಾತೆಗಳಲ್ಲಿ ಬರೆದಿಡುವುದು ಎಲ್ಲ ದೃಷ್ಟಿಯಿಂದ ಒಳ್ಳೆಯದು.

8. ಷೇರಿನ ಸಂಗ್ರಹಣಾ ವೆಚ್ಚವನ್ನು ತಗ್ಗಿಸುವ ಕ್ರಮಗಳು

1. ತಡೆಹಿಡಿದ ಬೆಲೆಯನ್ನು ಷೇರಾಗಿಸುವುದು. ಸದಸ್ಯರು ತಂದ ಉತ್ಪನ್ನದ ಬೆಲೆಯಲ್ಲಿ ಒಂದು ಭಾಗವನ್ನು ತಡೆಹಿಡಿದು, ನಂತರ ಅದನ್ನು ನಗದು, ವಸ್ತು ಅಥವಾ ಈಕ್ವಿಟಿ ಷೇರಿನ ರೂಪದಲ್ಲಿ ನೀಡಲು ಕಲಂ 378ಇ ಅವಕಾಶ ಕೊಡುತ್ತದೆ. ಕ್ವಿಂಟಲ್‌ಗೆ 50 ರೂ.ನಂತೆ 10 ಕ್ವಿಂಟಲ್ ತೊಗರಿ ತಂದ ರೈತನಿಗೆ 500 ರೂ. ಷೇರು ಸೇರುತ್ತದೆ. ಇದಕ್ಕೆ ಊರೂರು ತಿರುಗುವ ಖರ್ಚಿಲ್ಲ. ಹೆಚ್ಚು ವ್ಯವಹರಿಸುವವರಿಗೆ ಹೆಚ್ಚು ಷೇರು ಎಂಬ ಕಾನೂನಿನ ಆಶಯವೂ ಈಡೇರುತ್ತದೆ. ತಡೆಹಿಡಿಯುವ ಮೊತ್ತವನ್ನು ಸುಗ್ಗಿಗೆ ಮುಂಚೆಯೇ ಸಭೆಯಲ್ಲಿ ತಿಳಿಸಿ, ಪ್ರತಿ ರಸೀದಿಯಲ್ಲಿ ಬೇರೆಯಾಗಿ ನಮೂದಿಸಬೇಕು.

2. ಒಮ್ಮೆಗೇ ಹಂಚಿಕೆ. ಹತ್ತಾರು ಬಾರಿ ಸಣ್ಣ ಹಂಚಿಕೆ ಮಾಡಿದರೆ ಪ್ರತಿ ಬಾರಿ ಪಿಎಎಸ್-3 ಖರ್ಚು ಬೀಳುತ್ತದೆ. ಸುಗ್ಗಿಯ ನಂತರ, ರೈತರ ಕೈಯಲ್ಲಿ ಹಣವಿರುವಾಗ ಅಭಿಯಾನ ನಡೆಸಿ, 60 ದಿನಗಳ ಮಿತಿಯೊಳಗೆ ಒಂದೇ ಬಾರಿ ಹಂಚಿಕೆ ಮಾಡುವುದು ಸೂಕ್ತ.

3. ಅಧಿಕೃತ ಬಂಡವಾಳವನ್ನು ಮುಂದಾಲೋಚಿಸಿ ನಿಗದಿಪಡಿಸುವುದು. ಸದಸ್ಯರ ಷೇರು ಹಾಗೂ ಅನುದಾನಕ್ಕೆ ಪ್ರತಿಯಾಗಿ ನೀಡಬೇಕಾದ ಷೇರು ಎರಡಕ್ಕೂ ಸಾಲುವಷ್ಟು ಮಿತಿ ಇರಲಿ. ಪದೇ ಪದೇ ಹೆಚ್ಚಿಸಿದರೆ ಪ್ರತಿ ಬಾರಿಯೂ ಶುಲ್ಕ ತೆರಬೇಕು.

4. ವಿಳಂಬ ಬೇಡ. ವಾರ್ಷಿಕ ಲೆಕ್ಕಪತ್ರದ ಎಒಸಿ-4 ನಮೂನೆ ಮತ್ತು ವಾರ್ಷಿಕ ವಿವರಣಾ ಪತ್ರ ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ. 1,000 ರೂ. ಷೇರು ಕೊಂಡ ರೈತನ ಹಣ ಒಂದು ನಮೂನೆಯ 10 ದಿನಗಳ ವಿಳಂಬಕ್ಕೆ ಕರಗಿಹೋಗುತ್ತದೆ.

5. ಡಿಮ್ಯಾಟ್ ಖರ್ಚನ್ನು ಗಮನದಲ್ಲಿಡುವುದು. ಸಣ್ಣ ಕಂಪನಿಯ ಮಿತಿಯನ್ನು ಮೀರಿದ ಖಾಸಗಿ ಕಂಪನಿಗಳು ಷೇರುಗಳನ್ನು ಡಿಮ್ಯಾಟ್ ರೂಪದಲ್ಲಿಯೇ ನೀಡಬೇಕೆಂಬ ನಿಯಮ 2023ರಲ್ಲಿ ಬಂದಿತು. 2025ರ ಫೆಬ್ರವರಿಯ ತಿದ್ದುಪಡಿಯಿಂದ ಉತ್ಪಾದಕ ಕಂಪನಿಗಳಿಗೆ 5 ವರ್ಷಗಳ ಕಾಲಾವಕಾಶ ದೊರೆತಿದೆ. ಬೆಳೆಯುತ್ತಿರುವ ಕಂಪನಿಗಳು ಈ ವೆಚ್ಚವನ್ನು ಮುಂದಿನ ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಸಾಮಾನ್ಯ ಮೀಸಲು ನಿಧಿಯಿಂದ ನೀಡುವ ಬೋನಸ್ ಷೇರುಗಳಿಂದ ಹೊಸ ಹಣವೇನೂ ಬರುವುದಿಲ್ಲ. ಮೀಸಲು ನಿಧಿಯಲ್ಲಿದ್ದದ್ದು ಷೇರು ಖಾತೆಗೆ ಹೋಗುತ್ತದೆ ಅಷ್ಟೆ. ಸ್ವಂತ ಹಣ ಮತ್ತು ಸಾಲದ ಪ್ರಮಾಣ ಬದಲಾಗದು. ಆದ್ದರಿಂದ ಮೇಲಿನ ಸೂತ್ರದಲ್ಲಿ ಅವನ್ನು ಸೇರಿಸಬಾರದು.

9. ವಿಧಾನದ ಮಿತಿಗಳು

- ಷೇರು ಮತ್ತು ಸಾಲದ ವೆಚ್ಚದ ದರಗಳು ಸಮವಾಗಿದ್ದರೆ ಈ ಲೆಕ್ಕ ನಡೆಯದು; ಛೇದ ಸೊನ್ನೆಯಾಗುತ್ತದೆ. ದರಗಳು ತೀರ ಹತ್ತಿರವಿದ್ದರೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.
- ದರಗಳನ್ನು ನಿಮ್ಮದೇ ಕಂಪನಿಯ ರಸೀದಿಗಳಿಂದ ಪಡೆಯಬೇಕು. ನೆರೆಯ ಕಂಪನಿಯ ದರ ನಿಮಗೆ ಒಗ್ಗದು.
- ಹಲವು ವರ್ಷಗಳ ಸಂಗ್ರಹವನ್ನು ಒಟ್ಟುಗೂಡಿಸಬಾರದು. ಪ್ರತಿ ಬಾರಿಯ ಸಂಗ್ರಹಕ್ಕೆ ಪ್ರತ್ಯೇಕ ಲೆಕ್ಕ ಮಾಡಬೇಕು.
- ಲೆಕ್ಕದಿಂದ ತಿಳಿಯುವುದು ಹಣ ಎತ್ತಿದ ದಿನದ ರಚನೆ. ಕಂತು ಕಟ್ಟಿದಂತೆ, ಮೀಸಲು ಬೆಳೆದಂತೆ ರಚನೆ ಬದಲಾಗುತ್ತದೆ.

10. ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮಹಾಸಭೆಗೆ ಮುಂಚೆ ಕೆಳಗಿನ ಏಳು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಸಿ, ಕನ್ನಡದಲ್ಲಿಯೇ ಸದಸ್ಯರಿಗೆ ಓದಿ ಹೇಳಲು ನಿರ್ದೇಶಕರಿಗೆ ನೆರವಾಗಿರಿ:

1. ಒಟ್ಟು ಸಂಗ್ರಹವಾದ ಹಣ
2. ಷೇರಿನಿಂದ ಬಂದದ್ದು ಮತ್ತು ಅದಕ್ಕಾದ ಖರ್ಚು
3. ಸಾಲದಿಂದ ಬಂದದ್ದು ಮತ್ತು ಅದಕ್ಕಾದ ಖರ್ಚು
4. ಅನುದಾನ
5. ಯೋಜನೆಗೆ ವಿನಿಯೋಗಿಸಿದ್ದು
6. ಹಂಚಿಕೆಯಾಗದೆ ಉಳಿದ ಷೇರು ಅರ್ಜಿ ಹಣ ಮತ್ತು ಅಂತಹ ರೈತರ ಸಂಖ್ಯೆ
7. ಮುಂದಿನ ವರ್ಷದ ಸಾಲದ ಕಂತು ಮತ್ತು ಬಡ್ಡಿ

ಮೊದಲ ಐದು ಅಂಕಿಗಳು ಸೂತ್ರಕ್ಕೆ ತಾಳೆಯಾಗಬೇಕು. ಆರನೆಯದು ಸೊನ್ನೆ ಇರಬೇಕು. ಏಳನೆಯದನ್ನು ಕ್ವಿಂಟಲ್‌ಗೆ ಉಳಿಯುವ ಹಣದಿಂದ ಭಾಗಿಸಿ, ಘಟಕಕ್ಕೆ ಎಷ್ಟು ತೊಗರಿ ಬಂದರೆ ಸಾಲ ತೀರುತ್ತದೆ ಎಂಬುದನ್ನು ಸಭೆಯಲ್ಲಿಯೇ ಹೇಳಬೇಕು. ಲೆಕ್ಕ ರೂಪಾಯಿಯಲ್ಲಿದ್ದಾಗ ಸುಮ್ಮನಿರುವ ಸದಸ್ಯರು ಕ್ವಿಂಟಲ್‌ನಲ್ಲಿ ಹೇಳಿದಾಗ ಮಾತನಾಡುತ್ತಾರೆ. ತಮ್ಮ ಹೊಲ ಎಷ್ಟು ಕೊಡಬಲ್ಲದೆಂಬುದು ಅವರಿಗೆ ಗೊತ್ತು.

ಸಾರಾಂಶ

ಷೇರು ಮತ್ತು ಸಾಲದ ಸಂಗ್ರಹಣಾ ದರಗಳು ಹಾಗೂ ಒಟ್ಟು ವೆಚ್ಚ ತಿಳಿದರೆ ಕಂಪನಿಯ ಬಂಡವಾಳ ರಚನೆಯನ್ನು ಸದಸ್ಯರೇ ಲೆಕ್ಕ ಹಾಕಿ ಅಢಾವೆ ಪತ್ರಿಕೆಯೊಡನೆ ತಾಳೆ ನೋಡಬಹುದು. ವೆಚ್ಚವನ್ನು ಒಟ್ಟು ಸಂಗ್ರಹದಿಂದಲೇ ಭಾಗಿಸಬೇಕು. ಅನುದಾನವನ್ನು ಮೊದಲು ಬದಿಗಿಡಬೇಕು. ಸಾಲ ಎತ್ತುವುದು ಸುಲಭ, ಅದರ ಸಂಗ್ರಹಣಾ ವೆಚ್ಚವೂ ಕಡಿಮೆ. ಆದರೆ ಒಣಬೇಸಾಯದ ನಾಡಿನಲ್ಲಿ ಕಂಪನಿಯನ್ನು ಕಾಯುವುದು ಸದಸ್ಯರ ಸ್ವಂತ ಹಣ. ಆ ಹಣ ಕೊಟ್ಟ ಪ್ರತಿಯೊಬ್ಬ ರೈತನ ಕೈಗೂ ಷೇರುಪತ್ರ ತಲುಪಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿರಿ.

ಯೋಜನೆಗಳ ನಿಯಮ, ಶುಲ್ಕ ಹಾಗೂ ತೆರಿಗೆ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ನಿರ್ಧಾರ ಕೈಗೊಳ್ಳುವ ಮುನ್ನ ಕಂಪನಿಯ ಲೆಕ್ಕಪರಿಶೋಧಕರನ್ನು ವಿಚಾರಿಸಿರಿ. ಹೆಚ್ಚಿನ ಮಾರ್ಗದರ್ಶನಕ್ಕಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.